ಮೇಷ್ಟ್ರು ಓದಿಸಿದ ಎರಡು ಪಟ್ಟಿಗಳು

ನಮ್ಮ ಕನ್ನಡ ಮೇಷ್ಟ್ರು ಪಾಠ ಮುಗಿದ ಮೇಲೂ ತರಗತಿಯಲ್ಲೇ ಕೂತಿರುತ್ತಿದ್ದರು. ಬಸ್ಸಿಗೆ ಇನ್ನೂ ಹೊತ್ತಿದ್ದವರು, ಮಳೆ ನಿಲ್ಲಲಿ ಎಂದು ಕಾಯುವವರು, ಸುಮ್ನೆ ಕೇಳುವ ಆಸೆ ಇದ್ದವರು ಸುತ್ತ ಸೇರುತ್ತಿದ್ದೆವು. ಶಿವಮೊಗ್ಗದ ಜುಲೈ ಮಳೆ ಗೊತ್ತಲ್ವಾ? ಹಿಡಿದರೆ ಬಿಡುವುದಿಲ್ಲ. ನಾನು ಉಪನಿಷತ್ತು ಕೇಳಿದ್ದು ಹಾಗೆ.

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಮಳೆಗಾಲದ ರಾತ್ರಿ ಜಗಲಿಯಲ್ಲಿ ಅಜ್ಜ ಜೈಮಿನಿ ಭಾರತ ಓದಿಸುತ್ತಿದ್ದರು. ರಾಗ ಮಕ್ಕಳಿಗೂ ಸಿಗುತ್ತಿತ್ತು, ಅರ್ಥ ದೊಡ್ಡವರ ಪಾಲು. ಮೇಷ್ಟ್ರು ಇದನ್ನು ಒಪ್ಪಲಿಲ್ಲ. "ಅರ್ಥ ಕೇಳೋಕೆ ವಯಸ್ಸಾಗಬೇಕೇನಮ್ಮ? ಮೊದಲು ಪದ ಬಿಡಿಸು, ಆಮೇಲೆ ಕೈಮುಗಿ" ಎನ್ನುತ್ತಿದ್ದರು. ಯಾವ ಪದ್ಯವಾದರೂ ಗಟ್ಟಿಯಾಗಿ ಓದಿ, ಪದ ಬಿಡಿಸಿ, ಅವನ್ನು ಗದ್ಯದ ಕ್ರಮಕ್ಕೆ ಜೋಡಿಸಿ ಅನ್ವಯ ಮಾಡಿದ ಮೇಲೆಯೇ ಮಾತು.

ಒಂದು ಸಂಜೆ ಛಾಂದೋಗ್ಯ ಉಪನಿಷತ್ತಿನ ನಾರದನ ಕಥೆ ತೆಗೆದರು. ನಾರದ ಋಷಿ ಸನತ್ಕುಮಾರನ ಬಳಿ ಬಂದು ಕಲಿಸು ಎನ್ನುತ್ತಾನೆ. ನಿನಗೆ ಏನು ಗೊತ್ತು, ಮೊದಲು ಹೇಳು ಎನ್ನುತ್ತಾನೆ ಸನತ್ಕುಮಾರ. ನಾರದನ ಪಟ್ಟಿ ಶುರುವಾಗುತ್ತದೆ: ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಇನ್ನೂ ಎಷ್ಟೋ. ಕೊನೆಗೆ, ಇಷ್ಟೆಲ್ಲ ಕಲಿತರೂ ನಾನು ದುಃಖದಲ್ಲಿದ್ದೇನೆ, ದಾಟಿಸು ಎಂದು ಕೇಳುತ್ತಾನೆ. ಅಷ್ಟು ಓದಿದವನು ಹಾಗೆ ಹೇಳಬಲ್ಲ ಎನ್ನುವುದೇ ನನಗೆ ದೊಡ್ಡ ವಿಷಯವಾಗಿ ಕಂಡಿತು. ಪರೀಕ್ಷೆಗೆ ಓದುತ್ತಿದ್ದ ನಮಗೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ.

ಎರಡನೆಯ ಪಟ್ಟಿ ಕಲ್ಲಿನ ಮೇಲಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಮಪ್ರಭು ಹುಟ್ಟಿದ ಊರು ಎಂದು ಕೇಳಿದ್ದೆವು. ಅಲ್ಲಿ ದೊಡ್ಡದೊಂದು ವಿದ್ಯಾಕೇಂದ್ರವೂ ಇತ್ತು ಎಂಬುದು ಹೊಸದು. ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠದ ಬಗ್ಗೆ 1162ರ ಶಾಸನವಿದೆ, ಕಳಚುರಿ ಬಿಜ್ಜಳನ ಕಾಲದ್ದು. ವ್ಯಾಕರಣ, ಛಂದಸ್ಸಿನಂಥ ಅಂಗಗಳ ಸಮೇತ ನಾಲ್ಕು ವೇದ ಓದುವ ಜಾಗ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣ ಹೇಳಿಕೊಡುವ ಜಾಗ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳನ್ನು ವಿವರಿಸುವ ಜಾಗ. ಶೈವ ಮಠದಲ್ಲಿ ಬೌದ್ಧ ಯಾಕೆ ಸಾರ್ ಎಂದು ಗೆಳತಿಯೊಬ್ಬಳು ಕೇಳಿದಳು. "ಎದುರಿನವನ ಮಾತು ಪೂರ್ತಿ ಗೊತ್ತಿಲ್ದೆ ನೀನು ಉತ್ತರ ಹೇಗೆ ಕೊಡ್ತೀಯಮ್ಮ?" ಎಂದರು.

ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಉಸಿರಿನಲ್ಲಿ ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ ಅನ್ನ ಕೊಡುವ ಜಾಗ ಎನ್ನುತ್ತದೆ. ರೋಗಿಗಳಿಗೆ ಮದ್ದು ಕೊಡುವ ಜಾಗ, ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ. ಮೇಷ್ಟ್ರು ಇಲ್ಲಿ ನಾರದನನ್ನು ಮತ್ತೆ ಕರೆದರು. ಸನತ್ಕುಮಾರ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾ ಹೋಗುವಾಗ ಮಾತು, ಮನಸ್ಸು, ಧ್ಯಾನ, ವಿಜ್ಞಾನ ಅಂದರೆ ಅರಿವು, ಎಲ್ಲ ದಾಟಿದ ಮೇಲೆ ಅನ್ನ ಬರುತ್ತದೆ. ಹತ್ತು ರಾತ್ರಿ ಉಣ್ಣದವನು ಬದುಕಿದ್ದರೂ ನೋಡಲಾರ, ಕೇಳಲಾರ, ಯೋಚಿಸಲಾರ ಎನ್ನುತ್ತದೆ ಉಪನಿಷತ್ತು. ವೇದ ಹೇಳುವ ಮಠ ಅನ್ನವನ್ನೂ ಇಟ್ಟದ್ದು ದೊಡ್ಡಸ್ತಿಕೆಗೆ ಅಲ್ಲ, ಓದಿದ್ದನ್ನು ನಂಬಿದ್ದಕ್ಕೆ ಎಂದರು. ಆ ಮಾತನ್ನು ಇವತ್ತಿಗೂ ನಂಬುತ್ತೇನೆ.

ಹತ್ತಿರದ ತಾಳಗುಂದಕ್ಕೂ ಹೋದೆವು. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ಓದಲು ಹೋದ ಕಥೆ ಅಲ್ಲಿನ ಕಂಬದ ಮೇಲಿದೆ. ಹುಡುಗರಿಗೆ ಅವನು ದರ್ಭೆ ಬಿಟ್ಟು ಕತ್ತಿ ಹಿಡಿದದ್ದೇ ಜಾಸ್ತಿ ಇಷ್ಟವಾಯಿತು. ನನಗೆ, ಓದಲೆಂದು ನಮ್ಮ ಈ ಕಾಡಿನ ಸೆರಗಿನಿಂದ ಕಂಚಿಯವರೆಗೆ ಹೋದದ್ದು.

ಮೇಷ್ಟ್ರು ಸಂಜೆಯ ಓದಿಗೆ ಮೊದಲು "ಮಧ್ಯಾಹ್ನ ಊಟ ಆಗಿದೆಯಾ?" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಇಲ್ಲ ಎಂದವರನ್ನು ಕ್ಯಾಂಟೀನಿಗೆ ಕಳಿಸಿ, ಅವರು ಬರುವವರೆಗೆ ಪುಸ್ತಕ ತೆರೆಯುತ್ತಿರಲಿಲ್ಲ. ಯಾಕೆಂದು ಬಳ್ಳಿಗಾವಿಯಲ್ಲಿ ತಿಳಿಯಿತು. ನಾನೀಗ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪದ್ಯದ ಪಾಠಕ್ಕೆ ಬಿಸಿಯೂಟದ ನಂತರದ ಪೀರಿಯಡ್ಡನ್ನೇ ಕೇಳಿ ತೆಗೆದುಕೊಳ್ಳುತ್ತೇನೆ. ಈಗ ಕಾಲೇಜಿನಲ್ಲಿ ಇರುವವರಿಗೆ ಒಂದು ಮಾತು: ಬಳ್ಳಿಗಾವಿಗೆ ಹೋಗುವ ಮುಂಚೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ಆ ಶಾಸನದ ಪಾಠ ನೋಡಿಕೊಳ್ಳಿ, ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಪದ ಬಿಡಿಸಿ.