ಉಬ್ಬರದ ಲೆಕ್ಕದಲ್ಲಿ ಗಂಟೆಗಿಂತ ಮೊದಲು ಕೋನ

ಕಾರವಾರದ ಕಡಲಿನಲ್ಲಿ ಆಳ ಅಳೆಯುವ ಕೆಲಸ ನಮ್ಮದು. ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಎಕೋ ಸೌಂಡರ್ ತೋರಿಸುವ ಆಳ ಆ ಹೊತ್ತಿನ ನೀರಿನ ಮಟ್ಟದಿಂದ ಅಳೆದದ್ದಾಗಿರುವುದರಿಂದ, ಅದನ್ನು ನಕ್ಷೆಯ ಆಧಾರ ಮಟ್ಟಕ್ಕೆ, ಅಂದರೆ ನಕ್ಷೆಯ ಆಳಗಳನ್ನೆಲ್ಲ ಎಣಿಸುವ ಸ್ಥಿರ ಮಟ್ಟಕ್ಕೆ, ತರಬೇಕಾದರೆ ಅದೇ ಕ್ಷಣದ ಉಬ್ಬರದ ಎತ್ತರವನ್ನು ಕಳೆಯಲೇಬೇಕು. ತಂಡಕ್ಕೆ ಹೊಸದಾಗಿ ಸೇರಿದವರು ಇಳಿತ ಮತ್ತು ಉಬ್ಬರಗಳ ನಡುವಿನ ಏರಿಕೆಯನ್ನು ಗಂಟೆಗಳಿಗೆ ಸಮನಾಗಿ ಹಂಚಿಬಿಡುತ್ತಾರೆ. ನೀರು ಹಾಗೆ ಏರುವುದಿಲ್ಲ.

ಅವರಿಗೆ ನಾನು ಮೊದಲು ಒಂದು ವೃತ್ತ ಬರೆಯಲು ಹೇಳುತ್ತೇನೆ. ಒಟ್ಟು ಏರಿಕೆ 120 ಸೆಂ.ಮೀ. ಎಂದಿಟ್ಟುಕೊಂಡರೆ ತ್ರಿಜ್ಯ 60 ಸೆಂ.ಮೀ.; ಅದರ ಮೇಲೆ ಸಮವೇಗದಲ್ಲಿ ಸುತ್ತುವ ಒಂದು ಬಿಂದುವಿನ ಎತ್ತರವೇ ನೀರಿನ ಎತ್ತರ. ಒಂದು ಸುತ್ತಿಗೆ ಸುಮಾರು 12 ಗಂಟೆ 25 ನಿಮಿಷ ಬೇಕಾಗುವುದರಿಂದ ಬಿಂದು ಗಂಟೆಗೆ ಸುಮಾರು 29 ಡಿಗ್ರಿ ಸರಿಯುತ್ತದೆ. ಇಳಿತದ ನಂತರದ ಮೊದಲ ಗಂಟೆಯಲ್ಲಿ ನೀರು 60 × (1 − ಕೊಸೈನ್ 29°), ಅಂದರೆ ಸುಮಾರು 7.5 ಸೆಂ.ಮೀ. ಮಾತ್ರ ಏರಿದರೆ, ಮೂರನೆಯ ಗಂಟೆಯೊಂದರಲ್ಲೇ 29 ಸೆಂ.ಮೀ.ಗೆ ಸಮೀಪ ಏರುತ್ತದೆ. ಸಮನಾಗಿ ಹಂಚಿದವರ ಉತ್ತರ ಎರಡೂ ಗಂಟೆಗಳಿಗೆ 19 ಸೆಂ.ಮೀ. ಹೂಳೆತ್ತುವ ಕೆಲಸದಲ್ಲಿ ಈ ಅಂತರ ಸಣ್ಣದಲ್ಲ.

ಇಷ್ಟಾದರೂ ಕೊಸೈನ್ ಒಂದೇ ಸಾಲದು. ನೀರು ಸರಾಸರಿ ಮಟ್ಟದಲ್ಲಿದೆ ಎಂದು ನೀರಿನ ಎತ್ತರ ದಾಖಲಿಸುವ ಮಾಪಕ ಹೇಳಿದಾಗ, ಉಬ್ಬರದ ತುದಿಯಿಂದ ಎಣಿಸಿದ ಕೋನ 90 ಡಿಗ್ರಿಯೂ ಇರಬಹುದು, 270 ಡಿಗ್ರಿಯೂ ಇರಬಹುದು. ಮೊದಲನೆಯದರಲ್ಲಿ ನೀರು ಇಳಿಯುತ್ತಿರುತ್ತದೆ, ಎರಡನೆಯದರಲ್ಲಿ ಏರುತ್ತಿರುತ್ತದೆ, ಎರಡರಲ್ಲೂ ವೇಗ ಗಂಟೆಗೆ ಸುಮಾರು 30 ಸೆಂ.ಮೀ. ಈ ಎರಡನ್ನು ಬೇರ್ಪಡಿಸುವುದು ಸೈನ್‌ನ ಚಿಹ್ನೆ. ಎತ್ತರದಿಂದ ಕೋನ ಹುಡುಕಲು ಎಕ್ಸೆಲ್‌ನಲ್ಲಿ ವಿಲೋಮ ಕೊಸೈನ್ ಸೂತ್ರ ಹಾಕಿದರೆ ಉತ್ತರ ಯಾವಾಗಲೂ 0ಯಿಂದ 180 ಡಿಗ್ರಿಯೊಳಗೇ ಬರುತ್ತದೆ. ಅದನ್ನು ನಂಬಿದವರ ಹಾಳೆಯಲ್ಲಿ ಕಡಲು ಸದಾ ಇಳಿಯುತ್ತಲೇ ಇರುತ್ತದೆ! ಆದ್ದರಿಂದ ಮಾಪಕದ ದಾಖಲೆಗೆ ಕೊಸೈನ್ ಮತ್ತು ಸೈನ್ ಭಾಗಗಳೆರಡನ್ನೂ ಹೊಂದಿಸಿ, ಎರಡರ ಚಿಹ್ನೆಗಳನ್ನೂ ನೋಡಿಯೇ ಕೋನವನ್ನು ನಿರ್ಧರಿಸಬೇಕೆಂಬುದು ನನ್ನ ಹಟ.

ನಿಜವಾದ ಕಡಲಿಗೆ ಒಂದು ವೃತ್ತ ಸಾಕಾಗುವುದಿಲ್ಲ. ತನ್ನದೇ ವೇಗದಲ್ಲಿ ಸುತ್ತುವ ಇಂತಹ ಒಂದೊಂದು ವೃತ್ತವನ್ನೂ ಉಬ್ಬರದ ಘಟಕ ಎನ್ನುತ್ತೇವೆ. ಚಂದ್ರನ ಸೆಳೆತದ ಮುಖ್ಯ ಘಟಕ ಗಂಟೆಗೆ 28.984 ಡಿಗ್ರಿ, ಸೂರ್ಯನದು 30 ಡಿಗ್ರಿ ಸುತ್ತುತ್ತದೆ; ಈ ಎರಡು ಸುಮಾರು 14.77 ದಿನಗಳಿಗೊಮ್ಮೆ ಜೊತೆಗೂಡುವುದರಿಂದಲೇ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ದೊಡ್ಡದಾಗುತ್ತದೆ. ದಿನಕ್ಕೊಮ್ಮೆ ಸುತ್ತುವ ಘಟಕಗಳೂ ಸೇರಿಕೊಂಡು ನಮ್ಮ ಕರಾವಳಿಯಲ್ಲಿ ಒಂದೇ ದಿನದ ಎರಡು ಉಬ್ಬರಗಳನ್ನು ಅಸಮಾನವಾಗಿಸುತ್ತವೆ. 1870ರ ದಶಕದಲ್ಲಿ ಭೌತವಿಜ್ಞಾನಿ ಕೆಲ್ವಿನ್ ರೂಪಿಸಿದ ಉಬ್ಬರ ಮುನ್ಸೂಚನಾ ಯಂತ್ರ ಈ ಕೂಡಿಕೆಯನ್ನು ಗಾಲಿಗಳಿಂದಲೇ ಮಾಡುತ್ತಿತ್ತು: ಘಟಕಕ್ಕೊಂದು ಗಾಲಿ ತನ್ನ ವೇಗದಲ್ಲಿ ತಿರುಗುತ್ತ ಒಂದು ರಾಟೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು, ಎಲ್ಲ ರಾಟೆಗಳನ್ನೂ ಹಾದು ಬರುವ ಒಂದೇ ತಂತಿ ಮೊತ್ತವನ್ನು ಕಾಗದದ ಮೇಲೆ ಬರೆಯುತ್ತಿತ್ತು.

ಕಾಳಿ ನದಿಯ ಅಳಿವೆಯಂತಹ ತಗ್ಗು ನೀರಿಗೆ ಹೋದಾಗ ಮಾತ್ರ ಏರಿಕೆ ಮತ್ತು ಇಳಿಕೆಗಳ ಅವಧಿ ಸಮನಾಗಿರುವುದಿಲ್ಲವಾದ್ದರಿಂದ, ಅಲ್ಲಿಯ ಲೆಕ್ಕಕ್ಕೆ ಚಂದ್ರನ ಘಟಕದ ಎರಡರಷ್ಟು ವೇಗದಲ್ಲಿ, ಗಂಟೆಗೆ 57.97 ಡಿಗ್ರಿ ಸುತ್ತುವ ಇನ್ನೊಂದು ವೃತ್ತವನ್ನು ನಾವು ಸೇರಿಸಿಕೊಳ್ಳುತ್ತೇವೆ.