ಬಿದ್ರಿ ಕಾರ್ಖಾನೆಯಲ್ಲಿ ಒಂದು ಹಗಲು

ಬೀದರಿನ ಚೌಬಾರದ ಸಮೀಪದ ಓಣಿಯೊಂದರಲ್ಲಿರುವ ಬಿದ್ರಿ ಕಾರ್ಖಾನೆಯಲ್ಲಿ ಕಳೆದ ಬೇಸಿಗೆಯಲ್ಲಿ ಒಂದು ಇಡೀ ಹಗಲು ಕುಳಿತಿದ್ದೆ. ಹಿಂದಿನ ದಿನ ಕಲಬುರಗಿಯ ಕಾಲೇಜೊಂದರಲ್ಲಿ ನನ್ನ ಉಪನ್ಯಾಸವಿತ್ತು. ಅದನ್ನು ಮುಗಿಸಿಕೊಂಡು ಬೆಳಗಿನ ಬಸ್ಸಿನಲ್ಲಿ ಹುಮನಾಬಾದ್ ಮೇಲಿಂದ ಬೀದರಿಗೆ ಬಂದಿದ್ದೆ. ನನ್ನ ಚೀಲದಲ್ಲಿ ಒಂದು ಮೇಲ್ಮೈಯಿಂದ ಕಣ್ಣಿನ ಕಡೆಗೆ ಎಷ್ಟು ಬೆಳಕು ಬರುತ್ತದೆ ಎಂಬುದನ್ನು ಅಳೆಯುವ ಸಣ್ಣ ಮೀಟರ್ ಇತ್ತು. ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಈ ಕಲೆಯನ್ನು ಆ ಮೀಟರ್ ಹಿಡಿದು ನೋಡಬೇಕೆಂಬ ಆಸೆ ನನಗೆ ಬಹಳ ಹಿಂದಿನಿಂದಲೂ ಇತ್ತು.

ನನ್ನ ವಿಷಯ ಗಣಕೀಯ ನರವಿಜ್ಞಾನ. ಕಣ್ಣಿಗೆ ಬಿದ್ದ ಬೆಳಕಿನಿಂದ ಮಿದುಳು ಈ ಲೋಕವನ್ನು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ನರಕೋಶಗಳ ಗಣಿತ ಮಾದರಿಗಳ ಮೂಲಕ ತಿಳಿಯಲು ಯತ್ನಿಸುವುದು ನನ್ನ ಕೆಲಸ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ಕೆಫರ್ ಹಾರ್ಟ್‌ಲೈನ್ ಅವರ ಪ್ರಯೋಗಗಳ ಬಗ್ಗೆ ಓದಿದ್ದೇ ಈ ದಾರಿಗೆ ಬರಲು ಕಾರಣ. ಲಿಮ್ಯುಲಸ್ ಎಂಬ ಸಮುದ್ರಜೀವಿಯ ಕಣ್ಣಿನಲ್ಲಿ, ಬೆಳಕು ಬಿದ್ದ ಒಂದು ಘಟಕವು ತನ್ನ ನೆರೆಯ ಘಟಕಗಳ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ ಎಂದು ಅವರು ತೋರಿಸಿದ್ದರು. ಆ ತಗ್ಗಿಸುವಿಕೆಯನ್ನು ಕೂಡಿ ಕಳೆಯುವ ಸರಳ ಸಮೀಕರಣಗಳಲ್ಲಿ ಬರೆಯಬಹುದಿತ್ತು, ಮತ್ತು ಅವುಗಳನ್ನು ಬಿಡಿಸಿದರೆ ಬೆಳಕು ಬದಲಾಗುವ ಅಂಚುಗಳು ತಾವಾಗಿಯೇ ಎದ್ದು ಬರುತ್ತಿದ್ದವು. ಜೀವಂತ ಕಣ್ಣೊಂದು ನನ್ನಂಥ ಭೌತಶಾಸ್ತ್ರದ ವಿದ್ಯಾರ್ಥಿಗೆ ಅರ್ಥವಾಗುವ ಭಾಷೆಯಲ್ಲಿ ಕೆಲಸ ಮಾಡುತ್ತಿದೆ ಎಂಬುದು ಆಗ ನನಗಾದ ಅತಿ ದೊಡ್ಡ ಸಂತೋಷ. ಹಾರ್ಟ್‌ಲೈನ್ ಅವರಿಗೆ 1967ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೂ ಮುಂಚೆಯೇ, 1953ರಲ್ಲಿ, ಸ್ಟೀಫನ್ ಕುಫ್ಲರ್ ಬೆಕ್ಕಿನ ಅಕ್ಷಿಪಟದಲ್ಲಿ ಇದೇ ಬಗೆಯ ವ್ಯವಸ್ಥೆಯನ್ನು ಕಂಡಿದ್ದರು: ನಡುವೆ ಬೆಳಕು ಬಿದ್ದರೆ ಚುರುಕಾಗುವ ಕೋಶ, ಸುತ್ತಲೂ ಬೆಳಕು ಬಿದ್ದರೆ ಮಂಕಾಗುತ್ತದೆ, ಇದಕ್ಕೆ ತದ್ವಿರುದ್ಧವಾಗಿ ವರ್ತಿಸುವ ಕೋಶಗಳೂ ಇವೆ.

ಕಣ್ಣು ಹೀಗೆ ವರ್ತಿಸುವುದಕ್ಕೆ ಬಲವಾದ ಕಾರಣವಿದೆ. ನಕ್ಷತ್ರದ ಬೆಳಕಿನಿಂದ ನಡುಹಗಲಿನ ಬಿಸಿಲಿನವರೆಗೆ ಬೆಳಕಿನ ಪ್ರಮಾಣ ಕೋಟ್ಯಂತರ ಪಟ್ಟು ಏರುತ್ತದೆ; ಒಂದು ನರತಂತುವಾದರೋ ಒಂದು ಸೆಕೆಂಡಿನಲ್ಲಿ ಕೆಲವು ನೂರು ಮಿಡಿತಗಳಿಗಿಂತ ಹೆಚ್ಚು ಕಳುಹಿಸಲಾರದು. ಸುಮಾರು 10 ಕೋಟಿ ಬೆಳಕುಗ್ರಾಹಿ ಕೋಶಗಳ ಸುದ್ದಿಯನ್ನು ಸುಮಾರು 10 ಲಕ್ಷ ತಂತುಗಳ ದೃಷ್ಟಿನರವೇ ಮಿದುಳಿಗೆ ಮುಟ್ಟಿಸಬೇಕು. ಆದ್ದರಿಂದ ಅಕ್ಷಿಪಟವು ಬೆಳಕಿನ ಮೊತ್ತವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ಅಕ್ಕಪಕ್ಕದ ವ್ಯತ್ಯಾಸವನ್ನು ಕಳುಹಿಸುತ್ತದೆ.

ಬಿದ್ರಿ ಕೆಲಸ ಮೊದಲಿನಿಂದ ಕೊನೆಯವರೆಗೂ ಈ ವ್ಯತ್ಯಾಸದ ಮೇಲೆಯೇ ನಿಂತಿದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಸುರಾಹಿ ಮೊದಲು ಬೂದು ಬಣ್ಣದ್ದಾಗಿರುತ್ತದೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಬರುವ ಕಪ್ಪು ತಾತ್ಕಾಲಿಕ. ಅದರ ಮೇಲೆ ಮೊನೆಯಿಂದ ಗೀರಿದ ಹೂಬಳ್ಳಿಯ ಗೆರೆ ಬೆಳ್ಳಗೆ ಎದ್ದು ಕಾಣಲಿ ಎಂಬುದೊಂದೇ ಅದರ ಉದ್ದೇಶ. ಗೆರೆಯುದ್ದಕ್ಕೂ ಉಳಿಯಿಂದ ಕೊರೆದು ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಮತ್ತೆ ಉಜ್ಜಿದಾಗ ಆ ಕಪ್ಪು ಹೋಗಿಬಿಡುತ್ತದೆ, ಬೂದು ಲೋಹದ ನಡುವೆ ಬೆಳ್ಳಿ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಕೊನೆಯಲ್ಲಿ ಕೋಟೆಯ ಹಳೆಯ ಭಾಗದಿಂದ ತಂದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮಿಶ್ರಲೋಹ ಗಾಢವಾಗಿ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಅಷ್ಟು ಹೊತ್ತು ಮರೆಯಾಗಿದ್ದ ಬಳ್ಳಿ ಒಮ್ಮೆಲೇ ಕಣ್ಣೆದುರಿಗೆ ಬಂದಾಗ ನಾನು ಎದ್ದು ನಿಂತುಬಿಟ್ಟೆ. ಬೆಳ್ಳಿ ಇದ್ದಂತೆಯೇ ಇತ್ತು, ಅದರ ಸುತ್ತಲಿನ ಲೋಹ ಮಾತ್ರ ಬದಲಾಗಿತ್ತು.

ಮಧ್ಯಾಹ್ನ ಪಾತ್ರೆಯನ್ನು ಒಳಗೂ ಹೊರಗೂ ಇಟ್ಟು ಅಳೆದೆ. ಅಂಗಳದ ಬಿಸಿಲಿನಲ್ಲಿ ಬಿದ್ರಿಯ ಕಪ್ಪು ಕಳುಹಿಸುವ ಬೆಳಕು, ಒಳಗಿನ ಟ್ಯೂಬ್‌ಲೈಟಿನ ಕೆಳಗೆ ಬೆಳ್ಳಿ ಕಳುಹಿಸುವ ಬೆಳಕಿಗಿಂತ ಬಹಳ ಹೆಚ್ಚಾಗಿತ್ತು. ಆದರೂ ಬಿಸಿಲಿನ ಕಪ್ಪು ಕಪ್ಪಾಗಿಯೇ, ನೆರಳಿನ ಬೆಳ್ಳಿ ಬೆಳ್ಳಗೇ ಕಂಡವು. ಇದು ನಮ್ಮ ಕ್ಷೇತ್ರದವರಿಗೆ ಹೊಸದಲ್ಲ. ಆದರೆ ಊರಿನ ವಸ್ತುವೊಂದರ ಮೇಲೆ ಅದನ್ನು ನಾನೇ ಅಳೆದು ನೋಡಿದ ತೃಪ್ತಿ ಬೇರೆ.

ಹೊಸದು ಕಂಡದ್ದು ಅದಾದ ಮೇಲೆ. ನಾನು ಚಾಚಾ ಎಂದು ಕರೆಯುವ ಹಿರಿಯ ಕುಶಲಕರ್ಮಿ ಸುರಾಹಿಯನ್ನು ಕೈಗೆತ್ತಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ನಿಧಾನವಾಗಿ ಹೊರಳಿಸುತ್ತ ನೋಡತೊಡಗಿದರು. ಏನು ನೋಡುತ್ತಿದ್ದೀರಿ ಎಂದು ಕೇಳಿದೆ.

“ಹೊಳಪು ಹೆಂಗ ಓಡ್ತದ ನೋಡ್ಲಾಕತ್ತೀನ್ರಿ ಸರ. ತಾರು ಎಲ್ಲಿ ಎದ್ದದ, ಅಲ್ಲಿ ಹೊಳಪು ತಡೀತದ. ಸುಮ್ಮನ ಇಟ್ಟು ನೋಡಿದ್ರ ಗೊತ್ತಾಗಂಗಿಲ್ಲ.”

ಮೀಟರನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬೆಳ್ಳಿಯ ಒಂದು ಎಲೆಗೆ ಗುರಿಯಿಟ್ಟು, ಪಾತ್ರೆಯನ್ನು ಹಾಗೆಯೇ ಹೊರಳಿಸಲು ಅವರನ್ನು ಕೇಳಿಕೊಂಡೆ. ಬಾಗಿಲು ಪ್ರತಿಫಲಿಸಿದಾಗ ಅಂಕಿ ಮೇಲಕ್ಕೆ ಜಿಗಿಯುತ್ತಿತ್ತು. ಕತ್ತಲ ಮೂಲೆ ಪ್ರತಿಫಲಿಸಿದಾಗ ಪಕ್ಕದ ಕಪ್ಪಿನ ಮಟ್ಟಕ್ಕೆ ಇಳಿಯುತ್ತಿತ್ತು. ಅಂದರೆ ಆ ಕ್ಷಣದಲ್ಲಿ ವ್ಯತ್ಯಾಸವೇ ಉಳಿದಿರಲಿಲ್ಲ. ಆದರೂ ನನ್ನ ಕಣ್ಣಿಗೆ ಅದು ಬೆಳ್ಳಿಯೇ ಆಗಿತ್ತು.

ಹೊಳಪಿನ ಅಧ್ಯಯನಕ್ಕೆ ತನ್ನದೇ ಇತಿಹಾಸವಿದೆ. ಆಂಡ್ರ್ಯೂ ಬ್ಲೇಕ್ ಮತ್ತು ಹೈನ್ರಿಶ್ ಬ್ಯೂಲ್ಟೊಫ್ 1990ರಲ್ಲಿ ಒಂದು ಸೊಗಸಾದ ಪ್ರಯೋಗ ಮಾಡಿದರು. ಉಬ್ಬಿದ ಮೇಲ್ಮೈಯಲ್ಲಿ ಹೊಳೆಯುವ ಚುಕ್ಕೆ, ಎರಡೂ ಕಣ್ಣುಗಳ ಲೆಕ್ಕದಲ್ಲಿ, ಮೇಲ್ಮೈಯ ಮೇಲಲ್ಲ, ಅದರ ಹಿಂದೆ ಇರುತ್ತದೆ. ಅದು ದೀಪದ ಮಿಥ್ಯಾಬಿಂಬ. ಚುಕ್ಕೆಯನ್ನು ಸರಿಯಾದ ಆಳದಲ್ಲಿ ತೋರಿಸಿದಾಗ ಜನರಿಗೆ ಮೇಲ್ಮೈ ಹೊಳೆಯುವಂತೆ ಕಂಡಿತು. ಆಳ ತಪ್ಪಿಸಿದಾಗ ಹೊಳಪಿನ ಭಾವನೆ ಕುಂದಿತು. 2007ರಲ್ಲಿ ಇಸಾಮು ಮೊಟೊಯೊಶಿ ಮತ್ತು ಸಂಗಡಿಗರು ಇನ್ನೊಂದು ಉತ್ತರ ಮುಂದಿಟ್ಟರು: ಚಿತ್ರದಲ್ಲಿ ತಿಳಿ ಮತ್ತು ಕಪ್ಪು ಹಂಚಿಕೆಯಾದ ರೀತಿಯಲ್ಲಿರುವ ಓರೆಯೇ, ಅಂದರೆ ಬಹುಪಾಲು ಮಂಕಾಗಿದ್ದು ಕೆಲವೇ ಚುಕ್ಕೆಗಳು ತೀರ ಬೆಳಗುವುದೇ, ಹೊಳಪಿನ ಸುಳಿವು. ಆ ಹಂಚಿಕೆಯಷ್ಟೇ ಸಾಲದು, ಹೊಳೆಯುವ ಚುಕ್ಕೆಗಳು ಮೇಲ್ಮೈಯ ಆಕಾರಕ್ಕೆ ಹೊಂದಿಕೊಂಡಿರಬೇಕು ಎಂದು ಆಮೇಲೆ ಬೇರೆಯವರು ವಾದಿಸಿದರು. ನನ್ನ ಒಲವು ಆಕಾರವನ್ನೂ ಲೆಕ್ಕಕ್ಕೆ ಹಿಡಿಯುವ ಈ ಕೊನೆಯ ಪಕ್ಷದ ಕಡೆಗಿದೆ, ಮತ್ತು ಬೀದರಿನ ಆ ಮಧ್ಯಾಹ್ನ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ವಸ್ತು ಹೊರಳಿದಾಗ ಪ್ರತಿಬಿಂಬವು ಸಪಾಟಾದ ಕಡೆ ವೇಗವಾಗಿ ಜಾರುತ್ತದೆ, ಹೆಚ್ಚು ಬಾಗಿದ ಕಡೆ ಅಂಟಿಕೊಂಡಂತೆ ನಿಲ್ಲುತ್ತದೆ. ಎದ್ದುನಿಂತ ತಂತಿಯಂಚಿನಲ್ಲಿ ಹೊಳಪು ತಡೆಯುವುದು ಇದೇ ಕಾರಣಕ್ಕೆ. ಚಾಚಾ ಆ ಚಲನೆಯಿಂದಲೇ ಕೂದಲೆಳೆಯಷ್ಟು ಏರುಪೇರನ್ನು ಓದುತ್ತಿದ್ದರು.

ದೃಷ್ಟಿಯ ಗಣಕೀಯ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಡೇವಿಡ್ ಮಾರ್ 1980ರಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಯಾವುದೇ ದೃಷ್ಟಿ ವ್ಯವಸ್ಥೆಯ ಬಗ್ಗೆ ಮೊದಲು ಕೇಳಬೇಕಾದದ್ದು ಅದು ಏನನ್ನು ಲೆಕ್ಕ ಹಾಕುತ್ತಿದೆ, ಏತಕ್ಕಾಗಿ ಎಂಬ ಪ್ರಶ್ನೆ ಎಂದು ಅವರು ಒತ್ತಿ ಹೇಳಿದ್ದರು. ನರಕೋಶಗಳು ಅದನ್ನು ಹೇಗೆ ಮಾಡುತ್ತವೆ ಎಂಬುದು ಆಮೇಲಿನದು. ನನ್ನ ವಿದ್ಯಾರ್ಥಿಗಳು ಈ ಮೊದಲ ಪ್ರಶ್ನೆಯನ್ನು ಹಾರಿಸಿ ನೇರವಾಗಿ ಕಂಪ್ಯೂಟರಿನ ಮುಂದೆ ಕೂರುವುದು ನನಗೆ ನೋವಿನ ಸಂಗತಿ. ಕಲಬುರಗಿಯ ಕಾಲೇಜಿನಲ್ಲಿ ಒಬ್ಬ ಹುಡುಗಿ, ಈ ವಿಷಯ ಓದಲು ವೈದ್ಯಕೀಯ ಪದವಿ ಬೇಕೇ ಎಂದು ಕೇಳಿದ್ದಳು. ಬೇಡಮ್ಮ, ಗಣಿತ ಗಟ್ಟಿಯಾಗಿರಲಿ, ಜೊತೆಗೆ ವಸ್ತುಗಳನ್ನು ಬಹಳ ಹೊತ್ತು ನೋಡುವ ತಾಳ್ಮೆ ಇರಲಿ ಎಂದಿದ್ದೆ. ಅವಳನ್ನು ಈ ಕಾರ್ಖಾನೆಗೆ ಒಮ್ಮೆ ಕರೆತರಬೇಕೆಂದು ಅನಿಸಿತು.

ಸಂಜೆ ಹೊರಡುವ ಮುನ್ನ ಚಾಚಾ ಅವರಿಗೆ ಮೂರು ಬಗೆಯ ತಟ್ಟೆಗಳನ್ನು ಮಾಡಿಕೊಡಲು ಹೇಳಿ ಮುಂಗಡ ಕೊಟ್ಟೆ. ಮೂರಕ್ಕೂ ಒಂದೇ ಹೂಬಳ್ಳಿ. ಒಂದರಲ್ಲಿ ಬೆಳ್ಳಿ ಪೂರ್ತಿ ನುಣುಪಾಗಿರಬೇಕು, ಇನ್ನೊಂದರಲ್ಲಿ ಉಜ್ಜದೆ ಒರಟಾಗಿರಬೇಕು, ಮತ್ತೊಂದರಲ್ಲಿ ಕೆಲವು ಕಡೆ ತಂತಿ ಬೇಕೆಂದೇ ಸ್ವಲ್ಪ ಎದ್ದಿರಬೇಕು. ಎದ್ದ ತಂತಿಯ ತಟ್ಟೆಯನ್ನು ಮಾಡಲು ಅವರು ಸುಲಭಕ್ಕೆ ಒಪ್ಪಲಿಲ್ಲ. ಅದು ಮಾರಾಟಕ್ಕಲ್ಲ, ಯಾರಿಗೂ ಅವರ ಕೆಲಸವೆಂದು ತೋರಿಸುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಒಪ್ಪಿದರು. ಈಗ ಆ ತಟ್ಟೆಗಳನ್ನು ಪ್ರಯೋಗಾಲಯದಲ್ಲಿ ತಿರುಗುವ ಪೀಠದ ಮೇಲಿಟ್ಟು ಎರಡು ಕ್ಯಾಮೆರಾಗಳಿಂದ ಚಿತ್ರೀಕರಿಸುತ್ತಿದ್ದೇವೆ. ನಿಂತ ಚಿತ್ರ ತೋರಿಸಿದಾಗ, ಹೊರಳುವ ಚಿತ್ರ ತೋರಿಸಿದಾಗ, ತಟ್ಟೆಯನ್ನೇ ಕೈಗೆ ಕೊಟ್ಟಾಗ ಜನ ಎದ್ದ ತಂತಿಯನ್ನು ಎಷ್ಟರಮಟ್ಟಿಗೆ ಗುರುತಿಸುತ್ತಾರೆ, ನಮ್ಮ ಮಾದರಿ ಎಷ್ಟರಮಟ್ಟಿಗೆ ಗುರುತಿಸುತ್ತದೆ ಎಂದು ಹೋಲಿಸಬೇಕಾಗಿದೆ. ಆ ಪರೀಕ್ಷೆಗೆ ಮೊದಲು ಕೂರುವವರಲ್ಲಿ ಚಾಚಾ ಅವರೂ, ಅವರ ಕಾರ್ಖಾನೆಯ ಇತರರೂ ಇರಬೇಕೆಂದು ಕೇಳಿಕೊಂಡಿದ್ದೇನೆ. ಮೊಹರಂ ಕಳೆದ ಮೇಲೆ ಬರುತ್ತೇವೆಂದು ಹೇಳಿ ಕಳುಹಿಸಿದ್ದಾರೆ.