ಹೆಪ್ಪು ಹಾಕುವಷ್ಟು ಬಿಸಿ

2023 ಸೆಪ್ಟೆಂಬರ್ 9, ಶನಿವಾರ
ಬೆಂಗಳೂರು

ಬೆಳಿಗ್ಗೆ ಏಳೂವರೆಗೇ ಫೋನು. "ಮೇಡಂ, ಬಂದಿದೆ! ಪ್ಲೇಟ್ ತುಂಬಾ ಕಾಲನಿ!" ಮೂರು ವಾರದಿಂದ ಖಾಲಿ ಪ್ಲೇಟುಗಳನ್ನೇ ನೋಡಿ ಸೋತ ಮಕ್ಕಳು. ಕಾಫಿ ಅರ್ಧಕ್ಕೇ ಬಿಟ್ಟು ಹೊರಟೆ.

ಹೋಗಿ ನೋಡಿದರೆ ನಿಜ. ಪ್ಲೇಟಿನೊಳಗಿನ ಆಗಾರ್ ಜೆಲ್ಲಿಯ ಮೇಲೆ ಸಬ್ಬಕ್ಕಿ ಚೆಲ್ಲಿದ ಹಾಗೆ ಬ್ಯಾಕ್ಟೀರಿಯಾ ಗುಂಪುಗಳು, ಅವೇ ಕಾಲನಿಗಳು, ಎಣಿಸಲು ಆಗದಷ್ಟು. ನಾಲ್ಕು ಜನರೂ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ನನ್ನ ಕಣ್ಣು ಮಾತ್ರ ಇನ್‌ಕ್ಯುಬೇಟರಿನ ಕೆಳಗಿನ ತಟ್ಟೆಯಲ್ಲಿದ್ದ ಇನ್ನೊಂದು ಪ್ಲೇಟಿನ ಮೇಲೆ. "ಕಂಟ್ರೋಲ್ ನೋಡಿದ್ರಾ?" ಎಂದೆ. ಯಾರೂ ಮಾತಾಡಲಿಲ್ಲ.

ಕಂಟ್ರೋಲ್ ಎಂದರೆ ಹೋಲಿಕೆಗೆಂದು ಇಟ್ಟ, ಪ್ಲಾಸ್ಮಿಡ್ ಹಾಕದ ಇ. ಕೋಲೈ ಬ್ಯಾಕ್ಟೀರಿಯಾ. ಪ್ಲಾಸ್ಮಿಡ್ ಅಂದರೆ ನಾವು ಒಳಗೆ ಸೇರಿಸುವ ಡಿಎನ್‌ಎ ಉಂಗುರ, ಆಂಪಿಸಿಲಿನ್ ತಾಳುವ ಶಕ್ತಿ ಕೊಡುವುದು ಅದೇ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಆಂಪಿಸಿಲಿನ್ ಇರುವ ಪ್ಲೇಟಿನಲ್ಲಿ ಕಂಟ್ರೋಲ್ ಬದುಕಲೇಬಾರದು. ತೆಗೆದು ನೋಡಿದರೆ ಅಲ್ಲೂ ಸಬ್ಬಕ್ಕಿ. ಆ ಮುಖಗಳು ಬಾಡಿದ್ದನ್ನು ನೋಡಲು ಕಷ್ಟವಾಯಿತು.

ಬೆಂಚಿನ ಮೇಲೆ ಲ್ಯಾಬ್ ನೋಟ್‌ಬುಕ್ ತೆರೆದೇ ಇತ್ತು. ಗುರುವಾರದ ಪುಟ: ಆಟೋಕ್ಲೇವಿನಿಂದ ಆಗಾರ್ ಹೊರಗೆ, 6.10. ಪ್ಲೇಟಿಗೆ ಸುರಿದದ್ದು, 6.30. ಓದಿದ ಕೂಡಲೇ ನನಗೆ ಗೊತ್ತಾಯಿತು. ಆಟೋಕ್ಲೇವಿನ ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಬೆಂದ ಅರ್ಧ ಲೀಟರ್ ಆಗಾರ್ ಇಪ್ಪತ್ತು ನಿಮಿಷಕ್ಕೆಲ್ಲಾ ಆರುವುದಿಲ್ಲ. ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. "ಕಾರಣ ಏನೇನಿರಬಹುದು, ಬೋರ್ಡಿನ ಮೇಲೆ ಬರೀರಿ" ಎಂದು ಕುರ್ಚಿ ಎಳೆದುಕೊಂಡು ಕೂತೆ.

ಹೋದ ವರ್ಷ ಹೀಗೆ ಕೂತಿರಲಿಲ್ಲ. ಐಜೆಮ್, ಅಂದರೆ ವಿದ್ಯಾರ್ಥಿ ತಂಡಗಳ ಅಂತರರಾಷ್ಟ್ರೀಯ ಜೈವಿಕ ಎಂಜಿನಿಯರಿಂಗ್ ಸ್ಪರ್ಧೆಯ ಗಡುವು ಹತ್ತಿರ ಬಂದಿತ್ತು, ಒಬ್ಬ ಹುಡುಗನ ಕ್ಲೋನಿಂಗ್, ಜೀನನ್ನು ಪ್ಲಾಸ್ಮಿಡ್‌ಗೆ ಜೋಡಿಸುವ ಕೆಲಸ, ಐದು ಸಲ ಕೈಕೊಟ್ಟಿತ್ತು. ಒಂದು ರಾತ್ರಿ ನಾನೇ ಕೂತು ಮಾಡಿ ಮುಗಿಸಿ, ಬೆಳಿಗ್ಗೆ ಟ್ಯೂಬನ್ನು ಅವನ ಕೈಗಿಟ್ಟೆ. ಸಹಾಯ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಪ್ಯಾರಿಸ್ಸಿನಲ್ಲಿ ಜಡ್ಜ್‌ಗಳು ಕೇಳಿದ್ದು ಸರಿಯಾಗಿ ಅದೇ ಹೆಜ್ಜೆ. ಅಲ್ಲಿ ಉತ್ತರ ಕೊಡಬೇಕಾದವರು ವಿದ್ಯಾರ್ಥಿಗಳು. ಯಾರು ಯಾವ ಕೆಲಸ ಮಾಡಿದರು ಎಂದು ತಂಡ ಪ್ರಾಮಾಣಿಕವಾಗಿ ಬರೆದು ಕೊಡಲೂಬೇಕು. ಅವನ ಹತ್ತಿರ ಹೇಳಲು ಏನೂ ಇರಲಿಲ್ಲ. ಬಂದ ಮೇಲೆ ಅವನು ಲ್ಯಾಬಿನ ಕಡೆ ತಲೆಹಾಕಲಿಲ್ಲ. ಕಾರಿಡಾರಿನಲ್ಲಿ ಸಿಕ್ಕರೆ ಈಗಲೂ ನಮಸ್ಕಾರ ಮಾಡುತ್ತಾನೆ, ಅಷ್ಟೇ. ಆ ಕೆಲಸ ಅವನಿಂದ ಕಿತ್ತುಕೊಂಡವಳು ನಾನು.

ಬೋರ್ಡಿನ ಮೇಲೆ ಪಟ್ಟಿ ಬೆಳೆಯಿತು. ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ತಂದ ಜೀವಕೋಶಗಳಿಗೇ ಆಂಪಿಸಿಲಿನ್ ತಾಳುವ ಶಕ್ತಿ ಇದ್ದಿರಬಹುದು. ಔಷಧಿ ಹಳೆಯದಿರಬಹುದು. ಇಪ್ಪತ್ತೈದು ನಿಮಿಷ ಆಯಿತು. ನಮ್ಮ ಹಳೆಯ ತಂಡದವನೇ, ಈಗ ಪಿಎಚ್‌ಡಿ ಮಾಡುತ್ತಾ ಇವರಿಗೆ ಅಡ್ವೈಸರ್ ಆಗಿರುವ ಹುಡುಗ, ಬಾಗಿಲಲ್ಲಿ ನಿಂತು ಪುಟ ನೋಡಿದ, ನನ್ನನ್ನು ನೋಡಿದ. ಬೇಡ ಎಂದು ಕಣ್ಣಲ್ಲೇ ಹೇಳಿದೆ. ಪಾಪ, ತುಟಿ ಕಚ್ಚಿಕೊಂಡು ನಿಂತ.

ಕೊನೆಗೆ ದಾವಣಗೆರೆಯ ಹುಡುಗಿ ನೋಟ್‌ಬುಕ್ ಎಳೆದುಕೊಂಡಳು. ಬೆರಳು 6.30ರ ಮೇಲೆ ನಿಂತಿತು. "ಇಪ್ಪತ್ತೇ ನಿಮಿಷ ಆಗಿತ್ತಾ? ಫ್ಲಾಸ್ಕ್ ಮುಟ್ಟಕ್ಕೆ ಆಗ್ತಿರಲಿಲ್ಲ ಕಣ್ರೋ, ಬಟ್ಟೆ ಸುತ್ತಿ ಹಿಡ್ಕೊಂಡಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮ ಹಾಲು ಉಗುರುಬೆಚ್ಚಗೆ ಆಗೋ ತನಕ ಹೆಪ್ಪು ಹಾಕಲ್ಲ. ಬಿಸಿ ಹಾಲಿಗೆ ಹಾಕಿದ್ರೆ ಹೆಪ್ಪೇ ಸತ್ತೋಗುತ್ತೆ. ನಾವು ಆಂಪಿಸಿಲಿನ್‌ನ ಸಾಯಿಸಿದೀವಿ" ಎಂದಳು.

ನನಗೆ ಗಂಟಲು ಕಟ್ಟಿತು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಆಗಾರ್ 50 ಡಿಗ್ರಿಗೆ ಇಳಿದ ಮೇಲೆ ಔಷಧಿ ಬೆರೆಸಿ ಎಂದು ಹೇಳಿಕೊಟ್ಟಿದ್ದೇನೆ. ಹೆಪ್ಪಿನ ಮಾತು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅದು ಊಹೆಯಷ್ಟೇ, ಪರೀಕ್ಷೆ ಮಾಡಬೇಕು ಎಂದು ಹೇಳಿದವರೂ ಅವರೇ. ಪಕ್ಕದ ಲ್ಯಾಬಿನಿಂದ ಒಂದು ಒಳ್ಳೆಯ ಪ್ಲೇಟ್ ಕೇಳಿ ತಂದರು. ಅದರ ಮೇಲೂ ಗುರುವಾರದ ಪ್ಲೇಟಿನ ಮೇಲೂ ಒಂದೇ ಟ್ಯೂಬಿನ, ಪ್ಲಾಸ್ಮಿಡ್ ಇಲ್ಲದ ಕೋಶಗಳನ್ನು ಗೀರಿ 37 ಡಿಗ್ರಿಗೆ ಇಟ್ಟರು. ನಾಳೆ ಗೊತ್ತಾಗುತ್ತದೆ.

ಈ ಮಕ್ಕಳ ಹಟ ನೋಡಿದರೆ ಪಾವಗಡದ ಆ ಅಜ್ಜಿ ನೆನಪಾಗುತ್ತಾರೆ. ಕೊಳವೆಬಾವಿ ನೀರಿನ ಫ್ಲೋರೈಡ್ ಪತ್ತೆ ಮಾಡುವುದು ಇವರ ಪ್ರಾಜೆಕ್ಟು. ಫ್ಲೋರೈಡ್ ಬಂದು ಕೂತಾಗ ಮುಂದಿನ ಜೀನನ್ನು ಓದಲು ದಾರಿ ಬಿಡುವ ಆರ್‌ಎನ್‌ಎ ತುಣುಕು ಒಂದಿದೆ, ರೈಬೋಸ್ವಿಚ್ ಅನ್ನುತ್ತಾರೆ. ಅದರ ಮುಂದೆ ಹಸಿರು ಪ್ರೋಟೀನಿನ ಜೀನ್ ಜೋಡಿಸಿದರೆ ನೀರಿನಲ್ಲಿ ಫ್ಲೋರೈಡ್ ಇದ್ದಾಗ ಹೊಳೆಯಬೇಕು. ಜೂನ್‌ನಲ್ಲಿ ಊರಿಗೆ ಹೋಗಿ ಇದನ್ನೆಲ್ಲಾ ವಿವರಿಸಿದಾಗ, ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದ ಅಜ್ಜಿ ಕೇಳಿದ್ದು ಒಂದೇ ಮಾತು: "ಆ ಹುಳ ನಮ್ಮ ಬಿಂದಿಗೆಗೆ ಬಿದ್ರೆ?" ಮಕ್ಕಳು ವಾಪಸ್ ಬರುವಾಗ ಬಸ್ಸಿನಲ್ಲಿ ಮಾತೇ ಆಡಲಿಲ್ಲ. ಇ. ಕೋಲೈ ತನ್ನೊಳಗೆ ಬಂದ ಫ್ಲೋರೈಡನ್ನು ಹೊರಗೆ ತಳ್ಳಿಬಿಡುತ್ತದೆ, ಹಾಗಾಗಿ ಜೀವಂತ ಕೋಶದಲ್ಲಿ ಸಂಕೇತ ದುರ್ಬಲ ಎಂದು ನಮ್ಮ ಅಡ್ವೈಸರ್ ಮೊದಲೇ ಎಚ್ಚರಿಸಿದ್ದ. ಆಗ ಕಿವಿಗೆ ಹಾಕಿಕೊಳ್ಳದವರು ಅಜ್ಜಿಯ ಮಾತಿನ ನಂತರ ತಾವೇ ಯೋಜನೆ ಬದಲಿಸಿದರು. ಜೀವಕೋಶ ಇಲ್ಲದೆ, ಅದರ ರಸವನ್ನಷ್ಟೇ ಕಾಗದದ ಪಟ್ಟಿಯಲ್ಲಿ ಒಣಗಿಸಿಡುವುದು. ಈ ಜೋಡಣೆ ಹೊತ್ತ ಪ್ಲಾಸ್ಮಿಡ್ ಮೊದಲು ಕೋಶದಲ್ಲಿ ಬೆಳೆದು ಸಿಕ್ಕರೆ ತಾನೇ ಅದೆಲ್ಲಾ.

ಸಂಜೆ ಅವರಿಗೆ ನಮ್ಮ ಊರಿನದೇ ಕಥೆ ಹೇಳಿದೆ. 2003ರಲ್ಲಿ ಎಂಐಟಿಯಲ್ಲಿ ಒಂದು ತಿಂಗಳ ಕೋರ್ಸಾಗಿ ಶುರುವಾದದ್ದು ಐಜೆಮ್, 2004ರ ಸ್ಪರ್ಧೆಗೆ ಬಂದಿದ್ದು ಐದೇ ತಂಡ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಶಾಲೆಯ ಕಲಾ ವಿದ್ಯಾರ್ಥಿಗಳು ಜಿಯೋಸ್ಮಿನ್ ಹೊರಸೂಸುವ ಬ್ಯಾಕ್ಟೀರಿಯಾ ಮಾಡಲು ಹೊರಟರು. ಮೊದಲ ಮಳೆಗೆ ಮಣ್ಣಿನಿಂದ ಏಳುತ್ತದಲ್ಲ, ಆ ವಾಸನೆ. ಜೀವಶಾಸ್ತ್ರ ಓದದವರನ್ನು ಪಿಪೆಟ್ ಹಿಡಿಯಲು ಬಿಟ್ಟ ಮಾರ್ಗದರ್ಶಕರ ಧೈರ್ಯ ನನಗೆ ಈಗ ಅರ್ಥವಾಗುತ್ತಿದೆ. ಕೇಳಿದ ಮೇಲೆ ಒಬ್ಬಳು ಕಿಟಕಿ ತೆರೆದಳು. ಹೊರಗೆ ಸಣ್ಣಗೆ ಮಳೆ.

ರಾತ್ರಿ ಒಂಬತ್ತೂಕಾಲಿಗೆ ಫೋಟೋ ಬಂತು. ನೀರಿನ ಪಾತ್ರೆಯೊಳಗೆ ಆಗಾರ್ ಫ್ಲಾಸ್ಕ್, ಪಕ್ಕದಲ್ಲಿ ಥರ್ಮಾಮೀಟರ್, 58. ಕೆಳಗೆ ಒಂದು ಸಾಲು: "ಇನ್ನೂ ಹಾಕಿಲ್ಲ ಮೇಡಂ, ಕಾಯ್ತಾ ಇದೀವಿ."